ಬೆಳಕು ಕಟ್ಟೆಯ ಮೇಲೆ ಬೀಳಲಿ

ನಮಸ್ಕಾರ. ಇವತ್ತು ಅಡುಗೆಮನೆಯ ಲೈಟಿನ ಬಗ್ಗೆ ಮಾತಾಡೋಣ. ಇಷ್ಟು ಚಿಕ್ಕ ವಿಷಯಕ್ಕೆ ಒಂದು ಎಪಿಸೋಡ್ ಬೇಕಾ ಅಂತ ಅನ್ನಿಸಬಹುದು. ಬೇಕು. ಯಾಕೆ ಅಂತ ಹೇಳುತ್ತೇನೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಯಾವ ಊರಿನಲ್ಲಾದರೂ ಒಂದು ಹೊಸ ಫ್ಲ್ಯಾಟ್ ನೋಡಲು ಹೋಗಿ. ಹಾಲಿನಲ್ಲಿ ಫಾಲ್ಸ್ ಸೀಲಿಂಗ್, ಅದರ ಅಂಚಿಗೆಲ್ಲ ಲೈಟು, ಟಿವಿ ಹಿಂದೆ ಇನ್ನೊಂದು ಸ್ಟ್ರಿಪ್. ಅಡುಗೆಮನೆಗೆ ಬಂದರೆ ಸೀಲಿಂಗಿನ ನಡುವೆ ಒಂದು ಪಾಯಿಂಟ್, ಇಲ್ಲವೇ ಬಾಗಿಲ ಮೇಲೆ ಒಂದು ಟ್ಯೂಬ್‌ಲೈಟ್. ಅಷ್ಟೇ.

ಈಗ ಅಡುಗೆ ಮಾಡುವವರು ಎಲ್ಲಿ ನಿಲ್ಲುತ್ತಾರೆ ಹೇಳಿ. ಕಟ್ಟೆಯ ಮುಂದೆ, ಗೋಡೆಗೆ ಮುಖ ಮಾಡಿ. ಲೈಟು ಅವರ ಬೆನ್ನ ಹಿಂದೆ. ಅವರ ತಲೆ, ಭುಜದ ನೆರಳು ನೇರವಾಗಿ ಈರುಳ್ಳಿ ಹೆಚ್ಚುವ ಹಲಗೆಯ ಮೇಲೆ ಬೀಳುತ್ತದೆ. ಚಾಕು ಆಡುವ ಜಾಗದಲ್ಲೇ ಕತ್ತಲು! ಮಾಡ್ಯುಲರ್ ಕಿಚನ್ ಮಾಡಿಸಿದರೆ ಮೇಲಿನ ಕಪಾಟುಗಳ ನೆರಳೂ ಇದಕ್ಕೆ ಸೇರುತ್ತದೆ. ಜಾಸ್ತಿ ವ್ಯಾಟಿನ ಬಲ್ಬ್ ಹಾಕಿಸಿದರೂ ಇದು ಸರಿಹೋಗುವುದಿಲ್ಲ. ಬೆಳಕು ಎಷ್ಟೇ ಜೋರಾದರೂ ಬರುವುದು ಬೆನ್ನ ಹಿಂದಿನಿಂದಲೇ ಅಲ್ವಾ?

ನಮ್ಮ ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ಅಡುಗೆಮನೆಯ ಮಾಡಿಗೆ ಒಂದೆರಡು ಗಾಜಿನ ಹೆಂಚು ಹಾಕುತ್ತಿದ್ದರು. ಕೆಲಸ ನಡೆಯುವ ಕಡೆಗೆ ಬೆಳಕು ಮೇಲಿಂದ ಇಳಿಯುತ್ತಿತ್ತು. ಕರೆಂಟ್ ಬಂದ ಮೇಲೆ ಆ ಯೋಚನೆಯನ್ನು ಯಾಕೆ ಕೈಬಿಟ್ಟೆವೋ ಗೊತ್ತಿಲ್ಲ.

ನನ್ನ ಮಾತು ಇಷ್ಟೇ. ಅಡುಗೆಮನೆಯ ಲೈಟನ್ನು ಕಟ್ಟೆಯಿಂದ ಶುರುಮಾಡಿ. ಸೀಲಿಂಗ್ ಲೈಟಿನ ಯೋಚನೆ ಆಮೇಲೆ.

ಮೇಲೆ ಕಪಾಟುಗಳಿದ್ದರೆ ಅವುಗಳ ತಳಕ್ಕೆ ಎಲ್ಇಡಿ ಸ್ಟ್ರಿಪ್ ಹಾಕಿಸಿ. ಎಲ್ಲಿ ಕೂರಿಸುತ್ತಾರೆ ಅನ್ನುವುದು ಮುಖ್ಯ. ಹೆಚ್ಚಿನವರು ಹಿಂದೆ, ಗೋಡೆಗೆ ಅಂಟಿಸಿದ ಹಾಗೆ ಹಾಕಿ ಹೋಗುತ್ತಾರೆ. ಆಗ ಟೈಲ್ಸ್ ಚೆನ್ನಾಗಿ ಹೊಳೆಯುತ್ತದೆ, ಹಲಗೆ ಮಂಕಾಗಿಯೇ ಇರುತ್ತದೆ. ಸ್ಟ್ರಿಪ್ ಕಪಾಟಿನ ಮುಂದಿನ ಅಂಚಿನ ಹತ್ತಿರ ಇರಬೇಕು. ಅದು ಕಣ್ಣಿಗೆ ಹೊಡೆಯದ ಹಾಗೆ ಮುಂದೆ ಒಂದು ಸಣ್ಣ ಪಟ್ಟಿ ಕೊಡಲು ಕಾರ್ಪೆಂಟರ್‌ಗೆ ಹೇಳಿ.

ಸ್ಟ್ರಿಪ್ಪನ್ನು ಬರಿದಾಗಿ ಅಂಟಿಸಬೇಡಿ. ನಮ್ಮದು ಒಗ್ಗರಣೆ ಹಾಕುವ ಅಡುಗೆ. ಎಣ್ಣೆ ಹೊಗೆ, ಹಬೆ ಎಲ್ಲ ಮೇಲಕ್ಕೇ ಹೋಗುತ್ತದೆ, ಅಂಟು ಬಿಟ್ಟು ಸ್ಟ್ರಿಪ್ ಜೋತುಬೀಳುತ್ತದೆ. ಹಾಲುಬಿಳಿ ಮುಚ್ಚಳ ಇರುವ ಅಲ್ಯೂಮಿನಿಯಂ ಪ್ರೊಫೈಲ್, ಅಂದರೆ ಸ್ಟ್ರಿಪ್ ಒಳಗೆ ಕೂರುವ ಉದ್ದನೆಯ ಪಟ್ಟಿ, ತರಿಸಿ, ಸ್ಕ್ರೂ ಹಾಕಿ ಕೂರಿಸಿ. ಅಲ್ಯೂಮಿನಿಯಂ ಬಿಸಿಯನ್ನು ಎಳೆದುಕೊಳ್ಳುವುದರಿಂದ ಎಲ್ಇಡಿ ಬಾಳಿಕೆ ಬರುತ್ತದೆ. ಮುಚ್ಚಳದ ಮೇಲೆ ಕೂತ ಜಿಡ್ಡನ್ನು ಒರೆಸುವುದೂ ಸುಲಭ. ಇನ್ನೊಂದು ಕಾರಣವೂ ಇದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕಟ್ಟೆಗೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್. ಮುಚ್ಚಳವಿಲ್ಲದ ಸ್ಟ್ರಿಪ್ ಅದರಲ್ಲಿ ಚುಕ್ಕಿ ಚುಕ್ಕಿಯಾಗಿ ಪ್ರತಿಫಲಿಸಿ ಕಣ್ಣು ಚುಚ್ಚುತ್ತದೆ. ಜೊತೆಗೆ ಕಪ್ಪು ಕಲ್ಲು ಬೆಳಕನ್ನು ನುಂಗುತ್ತದೆ. ಹಾಗಾಗಿ ಅದರ ಹಿಂದಿನ ಗೋಡೆಗಾದರೂ ತಿಳಿ ಬಣ್ಣದ ಟೈಲ್ಸ್ ಇರಲಿ. ಸ್ಟ್ರಿಪ್ಪಿನ ಡ್ರೈವರನ್ನು, ಅಂದರೆ ಅದಕ್ಕೆ ಬೇಕಾದ ಹಾಗೆ ಕರೆಂಟ್ ಕೊಡುವ ಡಬ್ಬಿಯನ್ನು, ಒಲೆಯ ಮೇಲೆ ಇಡಿಸಬೇಡಿ. ಕೆಟ್ಟರೆ ಕೈಗೆ ಸಿಗುವ ಕಡೆ ಇರಲಿ.

ಒಲೆಗೆ ಬೇರೆ ಲೈಟ್ ಬೇಕಾಗಿಲ್ಲ. ಚಿಮಣಿ ಇದ್ದರೆ ಅದರದ್ದೇ ಸಾಕು. ಸಿಂಕಿನ ಮೇಲೆ ಮಾತ್ರ ಒಂದು ಬೇಕೇ ಬೇಕು. ರಾತ್ರಿ ಪಾತ್ರೆ ತೊಳೆಯುವಾಗ ಕಿಟಕಿಯಿಂದ ಬೆಳಕು ಬರುವುದಿಲ್ಲ.

ಈಗ ಬೆಳಕಿನ ಬಣ್ಣ. ಅದನ್ನು ಕೆಲ್ವಿನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಅಂಗಡಿಗೆ ಹೋಗಿ ಸುಮ್ನೆ 'ಎಲ್ಇಡಿ ಕೊಡಿ' ಅಂದರೆ ಸಾಮಾನ್ಯವಾಗಿ ಕೊಡುವುದು 6500 ಕೆಲ್ವಿನ್, ನೀಲಿ ಮಿಶ್ರಿತ ಬಿಳಿ. 3000 ಅಂದರೆ ಹಳದಿ. ಅಡುಗೆಮನೆಗೆ ನನ್ನ ಆಯ್ಕೆ ಇವೆರಡರ ನಡುವಿನ 4000. ಯಾವುದೇ ಇರಲಿ, ಕಟ್ಟೆಗೂ ಸೀಲಿಂಗಿಗೂ ಒಂದೇ ಇರಲಿ. ಇದಕ್ಕಿಂತ ಮುಖ್ಯವಾದದ್ದು, ಯಾರೂ ಕೇಳದೇ ಇರುವುದು, ಸಿಆರ್‌ಐ. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಳತೆ ಅದು. ನೂರಕ್ಕೆ ನೂರು ಇದ್ದರೆ ಪೂರ್ತಿ ನಿಜ. ಸಾಧಾರಣ ಎಲ್ಇಡಿಗಳು 80ರ ಆಸುಪಾಸು. ಕೇಳಿದರೆ 90 ಇರುವುದೂ ಸಿಗುತ್ತದೆ. ಸಿಆರ್‌ಐ ಕಡಿಮೆ ಇದ್ದರೆ ಮೊದಲು ಕೆಡುವುದು ಕೆಂಪು. ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯುವವರಿಗೆ ಇದರ ಕಷ್ಟ ಗೊತ್ತು. ಕೆಂಪಗಿದೆಯಾ, ಕಪ್ಪಾಗುತ್ತಾ ಬಂತಾ ಅಂತ ಕಾಣಬೇಕು. ಅಕ್ಕಿಯ ಕಲ್ಲು, ಸೊಪ್ಪಿನ ಹುಳ, ಮಾಂಸ ಬೆಂದದ್ದು, ಎಲ್ಲವನ್ನೂ ನಾವು ಕಣ್ಣಿನಿಂದಲೇ ತೀರ್ಮಾನ ಮಾಡುವುದು.

ಕಣ್ಣು ಅಂದಾಗ ಮನೆಯ ಹಿರಿಯರ ಮಾತು ಬರಲೇಬೇಕು. 60 ದಾಟಿದವರ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು, 20ರ ವಯಸ್ಸಿನವರಿಗೆ ಹೋಲಿಸಿದರೆ ಸುಮಾರು ಮೂರರಲ್ಲಿ ಒಂದು ಪಾಲು. ಅಮ್ಮನೋ ಅಜ್ಜಿಯೋ 'ಏನೂ ಕಾಣಲ್ಲ ಕಣೋ' ಅಂದರೆ ಕನ್ನಡಕ ಬದಲಿಸಲು ಓಡುತ್ತೇವೆ. ಅದರ ಜೊತೆಗೆ ಒಮ್ಮೆ ಅವರು ನಿಲ್ಲುವ ಜಾಗದಲ್ಲಿ ನಿಂತು ನೋಡಿ. ಅವರು ನೆಲದ ಮೇಲೆ ಈಳಿಗೆಮಣೆ ಇಟ್ಟುಕೊಂಡು ಹೆಚ್ಚುವವರಾದರೆ, ಆ ಮೂಲೆಗೂ ಬೆಳಕು ಮುಟ್ಟಬೇಕು.

ಬಾಡಿಗೆ ಮನೆಯವರಿಗೂ ದಾರಿ ಇದೆ. ಬಾಗಿಲ ಮೇಲಿನ ಟ್ಯೂಬನ್ನು, ಕಟ್ಟೆಯ ಮುಂದೆ ನಿಂತಾಗ ಮುಖಕ್ಕೆ ಎದುರಾಗುವ ಗೋಡೆಗೆ, ತಲೆಗಿಂತ ಮೇಲೆ ಹಾಕಿಸಿಕೊಡಿ ಅಂತ ಮಾಲೀಕರನ್ನು ಕೇಳಿ. ಒಪ್ಪದಿದ್ದರೆ ಅದೇ ಜಾಗಕ್ಕೆ ಎರಡಡಿಯ 10 ವ್ಯಾಟ್ ಎಲ್ಇಡಿ ಬ್ಯಾಟನ್, ಅಂದರೆ ಟ್ಯೂಬಿನಂಥ ಉದ್ದ ಲೈಟು, ಸಾಕು, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ದಿನಕ್ಕೆ ನಾಲ್ಕು ಗಂಟೆ ಉರಿದರೂ ತಿಂಗಳಿಗೆ 1.2 ಯೂನಿಟ್ ಅಷ್ಟೇ. ವೈರ್ ಮಾತ್ರ ಸಿಂಕಿನ ಹತ್ತಿರ ನೇತಾಡದಿರಲಿ.

ಮನೆ ಕಟ್ಟಿಸುತ್ತಿರುವವರು ಗೋಡೆಗೆ ಪ್ಲಾಸ್ಟರಿಂಗ್ ಆಗುವ ಮುಂಚೆಯೇ ಇದನ್ನೆಲ್ಲ ಮುಗಿಸಬೇಕು. ಎಲೆಕ್ಟ್ರಿಷಿಯನ್ ಜೊತೆ ಮಾತಾಡಲು ಅಡುಗೆ ಮಾಡುವವರೇ ಹೋಗಲಿ. ಕಟ್ಟೆ ಲೈಟಿಗೆ ಬೇರೆ ಸ್ವಿಚ್ ಕೇಳಿ. ಇನ್ವರ್ಟರ್ ಲೈನ್ ಎಳೆಯುವಾಗ ಹಾಲು, ಬೆಡ್‌ರೂಮುಗಳ ಜೊತೆಗೆ ಈ ಲೈಟನ್ನೂ ಸೇರಿಸಲು ಹೇಳಿ. ಕರೆಂಟ್ ಹೋದಾಗ ಬಿಸಿ ಎಣ್ಣೆಯ ಮುಂದೆ ನಿಂತಿರುವವರು ಅಲ್ಲಿದ್ದಾರೆ.