ನಾಲ್ಕು ಸ್ಕ್ರೂಗಳ ಕೆಳಗೆ: ಜಪಾನಿನ ಹಳೇ ಬೇಸ್‌ಗಳು, ಅವುಗಳ ಹಿಂದೆ ಬಿದ್ದವರು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ.

ಮೇಜಿನ ಮೇಲೆ ಮಲಗಿರುವುದು ಬೇಸ್ ಗಿಟಾರ್. ನಾಲ್ಕು ತಂತಿ. ಮಾಮೂಲಿ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಹಾಡು ಕೇಳುವಾಗ ಇದನ್ನು ಯಾರೂ ಗಮನಿಸುವುದಿಲ್ಲ, ತೆಗೆದುಬಿಟ್ಟರೆ ಮಾತ್ರ ಏನೋ ಕಮ್ಮಿ ಆಯಿತಲ್ಲ ಅನ್ನುತ್ತಾರೆ. ಸಾರಿನಲ್ಲಿ ಉಪ್ಪಿನ ಹಾಗೆ. ಇದು 40 ವರ್ಷಕ್ಕಿಂತ ಹಳೇದು, ಜಪಾನಿನದು. ಇದರ ಕಥೆ ಆಮೇಲೆ ಹೇಳುತ್ತೇನೆ, ಅದರಲ್ಲಿ ನಾನು ಪೆದ್ದನಾದ ಭಾಗವೂ ಇದೆ.

ಕೆಲಸದ ಮೇಲೆ ನಾಲ್ಕು ವರ್ಷ ಜಪಾನಿನ ಹಮಾಮತ್ಸುವಿನಲ್ಲಿದ್ದೆ. ಅದು ವಾದ್ಯಗಳ ಊರು. 1887ರಲ್ಲಿ ಅಲ್ಲಿನ ಒಂದು ಶಾಲೆಯ ಆರ್ಗನ್ ಕೆಟ್ಟಾಗ ರಿಪೇರಿಗೆ ಬಂದವನೇ ತೊರಾಕುಸು ಯಮಾಹ. ಬೈಕ್, ಪಿಯಾನೋ, ಬೇಸ್ ಎಲ್ಲದರ ಮೇಲೂ ಇರುವುದು ಆ ರಿಪೇರಿಯವನ ಹೆಸರೇ. ವಾದ್ಯ ಮಾಡುವ ಕವಾಯಿ ಕಂಪನಿ ಅಲ್ಲಿಯದು, ತೊಕಾಯಿ ಅಲ್ಲಿಯದು. ಭಾನುವಾರ ಬಂತು ಅಂದರೆ ನಾನು ಸೆಕೆಂಡ್‌ಹ್ಯಾಂಡ್ ಅಂಗಡಿ ಸುತ್ತಲು ಹೊರಡುತ್ತಿದ್ದೆ. ಹಾರ್ಡ್ ಆಫ್ ಅಂತ ಒಂದು ಅಂಗಡಿ ಸರಣಿ ಇದೆ, ಅಲ್ಲಿ ಒಂದು ಮೂಲೆಗೆ 'ಜಂಕ್' ಅಂತಲೇ ಹೆಸರು. ಕೆಲಸ ಮಾಡುತ್ತದೋ ಇಲ್ಲವೋ ಅಂಗಡಿಯವರು ಹೇಳುವುದಿಲ್ಲ, ವಾಪಸ್ಸೂ ತಗೊಳ್ಳುವುದಿಲ್ಲ. ಆ ಮೂಲೆಯಲ್ಲಿ ಮಂಡಿಯೂರಿ ಕೂತು ಬೇಸ್ ತಿರುಗಿಸಿ ತಿರುಗಿಸಿ ನೋಡುವ ಗಂಡಸರನ್ನು ನೋಡಬೇಕು ನೀವು. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎಲ್ಲರ ಕಣ್ಣೂ ಬೇಸಿನ ಉದ್ದನೆ ಕತ್ತು, ಅಂದರೆ ನೆಕ್, ಅದರ ಅಗಲದ ಒಡಲನ್ನು, ಅಂದರೆ ಬಾಡಿಯನ್ನು, ಸೇರುವ ಜಾಗದ ಮೇಲೆ.

ಇದೆಲ್ಲ ನಕಲು ಮಾಲಾಗಿ ಶುರುವಾಗಿದ್ದು, ಇದನ್ನು ಮುಚ್ಚಿಡುವ ಅಗತ್ಯ ಇಲ್ಲ. ಅಮೆರಿಕದಲ್ಲಿ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ಬಿಟ್ಟರು. 60ರ ದಶಕದಲ್ಲಿ ಅಮೆರಿಕದ ವೆಂಚರ್ಸ್ ಅನ್ನುವ ಗಿಟಾರ್ ತಂಡ ಜಪಾನಿಗೆ ಬಂದುಹೋದ ಮೇಲೆ ಅಲ್ಲಿನ ಹುಡುಗರಿಗೆಲ್ಲ ಎಲೆಕ್ಟ್ರಿಕ್ ಗಿಟಾರ್ ಹುಚ್ಚು ಹಿಡಿಯಿತು, 'ಎರೆಕಿ' ಅಂತ ಅದಕ್ಕೆ ಅವರದೇ ಹೆಸರು. ಅಮೆರಿಕದ ಮಾಲು ಕೈಗೆಟುಕುವ ಹಾಗಿರಲಿಲ್ಲ. ಹಾಗಾಗಿ ಊರೂರಲ್ಲಿ ಬಡಗಿ ಕೆಲಸ ಗೊತ್ತಿದ್ದವರೆಲ್ಲ ಗಿಟಾರ್ ಕೊರೆಯಲು ಕೂತರು. ನಾಗಾನೊ ಪ್ರಾಂತ್ಯದ ಮತ್ಸುಮೊತೊ ಊರಿನ ಮತ್ಸುಮೊಕು ಕಾರ್ಖಾನೆ ಮೊದಲು ಮಾಡುತ್ತಿದ್ದದ್ದು ಸಿಂಗರ್ ಹೊಲಿಗೆ ಯಂತ್ರದ ಮರದ ಪೆಟ್ಟಿಗೆ. ನಮ್ಮಜ್ಜಿ ಮನೆಯಲ್ಲೂ ಒಂದು ಸಿಂಗರ್ ಮೆಷಿನ್ ಇತ್ತು, ಅದರ ಮೇಲೆ ಹಾಲಿನ ಲೆಕ್ಕದ ಪುಸ್ತಕ ಇಡುತ್ತಿದ್ದರು. ಆ ಥರದ ಪೆಟ್ಟಿಗೆ ಮಾಡಿ ಪಳಗಿದ ಕೈಗಳೇ ಆಮೇಲೆ ಏರಿಯಾ ಪ್ರೋ 2 ಅನ್ನುವ ಬ್ರಾಂಡಿನ ಬೇಸ್‌ಗಳನ್ನು ಮಾಡಿದ್ದು. ಅದೇ ಊರಿನಲ್ಲಿ 1960ರಲ್ಲಿ ಶುರುವಾದ ಫುಜಿಗೆನ್ ಕಾರ್ಖಾನೆ ಇಬಾನೆಜ್, ಗ್ರೆಕೋ ಅನ್ನುವ ಬ್ರಾಂಡುಗಳಿಗೆ, ಕೊನೆಗೆ ಫೆಂಡರ್‌ಗೇ ಮಾಲು ಮಾಡಿಕೊಟ್ಟಿತು. ಇಬಾನೆಜ್ ಅನ್ನುವುದೂ ಜಪಾನಿ ಹೆಸರಲ್ಲ, ಸ್ಪೇನಿನ ಒಬ್ಬ ಗಿಟಾರ್ ತಯಾರಕನ ಹೆಸರು. ಆ ಬ್ರಾಂಡಿನ ಹಿಂದಿದ್ದ ಕಂಪನಿ ನಾಗೋಯದ ಹೊಶಿನೊ, ಶುರುವಿನಲ್ಲಿ ಪುಸ್ತಕದಂಗಡಿ.

ಈಗ ಒಂದು ಪುರಾಣ ಒಡೆಯಬೇಕು. ಆನ್‌ಲೈನ್‌ನಲ್ಲಿ ಜಪಾನಿನ ಹಳೇ ಬೇಸ್ ಹುಡುಕಿದರೆ 'ಲಾಸೂಟ್ ಬೇಸ್' ಅಂತ ಜಾಹೀರಾತು ಕಾಣುತ್ತೆ. ಅಂದರೆ ಅಸಲಿಗೆ ಎಷ್ಟು ಹತ್ತಿರ ಇತ್ತಪ್ಪಾ ಅಂದರೆ ಕೋರ್ಟಿಗೇ ಎಳೆದರು, ಅದಕ್ಕೇ ಈ ರೇಟು ಅನ್ನುವ ಧಾಟಿ. ನಡೆದದ್ದು ಇಷ್ಟೇ. ಅಮೆರಿಕದ ಗಿಟಾರ್ ಕಂಪನಿ ಗಿಬ್ಸನ್‌ನ ಆಗಿನ ಮಾಲೀಕ ಕಂಪನಿ ನಾರ್ಲಿನ್ 1977ರ ಜೂನ್‌ನಲ್ಲಿ ಅಮೆರಿಕದ ಕೋರ್ಟಿನಲ್ಲಿ ಇಬಾನೆಜ್‌ನ ಅಲ್ಲಿನ ಮಾರಾಟ ಕಂಪನಿ ಎಲ್ಗರ್ ಮೇಲೆ ದಾವೆ ಹಾಕಿತು. ತಕರಾರು ಇದ್ದದ್ದು ಹೆಡ್‌ಸ್ಟಾಕ್, ಅಂದರೆ ನೆಕ್‌ನ ತುದಿಯಲ್ಲಿ ತಂತಿ ಬಿಗಿಸುವ ತಲೆಭಾಗ, ಅದರ ಮೇಲಂಚಿನ ಆಕಾರದ ಬಗ್ಗೆ, ತೆರೆದಿಟ್ಟ ಪುಸ್ತಕದ ಹಾಗೆ ಕಾಣುವ ಆಕಾರ. ಅಷ್ಟರಲ್ಲಿ ಇಬಾನೆಜ್ ಆ ಆಕಾರ ಬಿಟ್ಟು ಬೇರೆಯದಕ್ಕೆ ಹೋಗಿಯೂ ಆಗಿತ್ತು. 1978ರಲ್ಲಿ ಕೋರ್ಟಿನ ಹೊರಗೆ ರಾಜಿ ಆಯಿತು. ಒಂದೇ ಕಂಪನಿ, ಒಂದು ಆಕಾರ. ಫೆಂಡರ್ ಥರದ ಬೇಸ್‌ಗಳಿಗೆ ಆ ಕೇಸಿಗೆ ಸಂಬಂಧವೇ ಇಲ್ಲ. ಆದರೂ 70ರ ದಶಕದ ಯಾವ ಜಪಾನೀ ಬೇಸ್ ತಗೊಂಡರೂ ಮಾರುವವನು ಅದರ ಕೊರಳಿಗೆ ಈ ದಾವೆಯನ್ನು ಕಟ್ಟುತ್ತಾನೆ. ಯಾರಾದರೂ ನಿಮಗೆ 'ಲಾಸೂಟ್ ಪ್ರಿಸಿಷನ್' ಅಂದರೆ ನಕ್ಕು, ರೇಟು ಇಳಿಸಿ ಅನ್ನಿ.

ನನಗೆ ತುಂಬಾ ಇಷ್ಟವಾದದ್ದು ಅವರು ಮಾಡೆಲ್‌ಗೆ ನಂಬರು ಕೊಡುತ್ತಿದ್ದ ರೀತಿ. ಏರಿಯಾ ಪ್ರೋ 2 ಎಸ್‌ಬಿ-1000 ಅಂದರೆ ಬೆಲೆ 1,00,000 ಯೆನ್. ಯಮಾಹ ಬಿಬಿ1200 ಅಂದರೆ 1,20,000 ಯೆನ್. ಫೆಂಡರ್ ಜಪಾನ್‌ನ ಜೆಬಿ62-115 ಅಂದರೆ ಫೆಂಡರ್‌ನದೇ ಇನ್ನೊಂದು ಬೇಸ್, 1962ರ ಜಾಝ್ ಬೇಸ್‌ನ ಮಾದರಿ, 1,15,000 ಯೆನ್. ಹೆಸರಿನಲ್ಲೇ ರೇಟು! ಆ ಕಾಲದಲ್ಲಿ ಡಿಗ್ರಿ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವನ ತಿಂಗಳ ಸಂಬಳ ಹೆಚ್ಚುಕಮ್ಮಿ ಅಷ್ಟೇ ಇತ್ತು. ಅಂದರೆ 'ಅಗ್ಗದ ಜಪಾನಿ ಮಾಲು' ಅನ್ನುವುದು ಹೊರಗಿನವರ ಮಾತು. ಅಲ್ಲಿನ ಹುಡುಗನೊಬ್ಬ ಎಸ್‌ಬಿ-1000 ತಗೊಂಡ ಅಂದರೆ ಒಂದು ತಿಂಗಳ ದುಡಿಮೆ ಪೂರ್ತಿ ಸುರಿದ ಅಂತ ಅರ್ಥ. ಇವತ್ತು ಅಂಥ ಬೇಸ್‌ಗಳು ಗೀರಿಲ್ಲದೆ ಸಿಗುತ್ತವಲ್ಲ, ಅದಕ್ಕೆ ಆ ಸಂಬಳವೂ ಒಂದು ಕಾರಣ ಅಂತ ನನ್ನ ಅನಿಸಿಕೆ. ತಿಂಗಳ ಸಂಬಳ ಕೊಟ್ಟು ತಂದದ್ದನ್ನು ಯಾರೂ ಮಂಚದ ಕೆಳಗೆ ಬಿಸಾಡುವುದಿಲ್ಲ.

ನಕಲಿನಿಂದ ಸ್ವಂತದ್ದಕ್ಕೆ ಅವರು ದಾಟಿದ್ದು 70ರ ದಶಕದ ಕೊನೆಗೆ. ಯಮಾಹ ಬಿಬಿ ಸರಣಿ, ಇಬಾನೆಜ್ ಮ್ಯೂಸಿಷಿಯನ್, ಏರಿಯಾದ ಎಸ್‌ಬಿ, ಇವು ಯಾವುದರ ನಕಲೂ ಅಲ್ಲ. ಎಸ್‌ಬಿ-1000ದಲ್ಲಿ ನೆಕ್‌ನ ಮರ ಬಾಡಿಯ ನಡುವೆ ಹಾದು ಬುಡದ ತನಕ ಹೋಗುತ್ತದೆ, ಎರಡು ಪಕ್ಕಕ್ಕೆ ರೆಕ್ಕೆ ಥರ ಮರ ಅಂಟಿಸಿರುತ್ತಾರೆ. ಸ್ಕ್ರೂ ಇಲ್ಲ, ಜೋಡಣೆ ಇಲ್ಲ. ಮೀಟಿದರೆ ಸ್ವರ ಬೇಗ ಸಾಯುವುದಿಲ್ಲ. ಬೀಟಲ್ಸ್‌ನಲ್ಲಿದ್ದ ಪಾಲ್ ಮ್ಯಾಕಾರ್ಟ್ನಿ 1979ರ ಹೊತ್ತಿಗೆ ಎಡಗೈಯ ಬಿಬಿ1200 ನುಡಿಸುತ್ತಿದ್ದರು. 'ದಿ ಪೊಲೀಸ್' ಅನ್ನುವ ಬ್ಯಾಂಡಿನ ಸ್ಟಿಂಗ್ ಫ್ರೆಟ್, ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ, ಇಲ್ಲದ ಇಬಾನೆಜ್ ಮ್ಯೂಸಿಷಿಯನ್ ಹಿಡಿದಿದ್ದರು. ಡುರಾನ್ ಡುರಾನ್ ಬ್ಯಾಂಡಿನ ಜಾನ್ ಟೇಲರ್, ಮೆಟಾಲಿಕಾ ಬ್ಯಾಂಡಿನ ಕ್ಲಿಫ್ ಬರ್ಟನ್, ಇಬ್ಬರ ಕೈಯಲ್ಲೂ ಏರಿಯಾ. ಒಬ್ಬ ಕುಣಿಸುವವನು, ಇನ್ನೊಬ್ಬ ಗುಡುಗಿಸುವವನು.

ಅತ್ತ ಅಮೆರಿಕದಲ್ಲಿ 1965ರಲ್ಲಿ ಫೆಂಡರ್ ಕಂಪನಿ ಸಿಬಿಎಸ್ ಅನ್ನುವ ರೇಡಿಯೋ-ಟೀವಿ ಕಂಪನಿಯ ಕೈಗೆ ಹೋಗಿತ್ತು. 70ರ ದಶಕದ ಮಾಲಿನ ಬಗ್ಗೆ ನುಡಿಸುವವರೇ ಮೂಗು ಮುರಿಯುತ್ತಿದ್ದರು. ಇತ್ತ ತೊಕಾಯಿಯವರು ಹಳೇ ಫೆಂಡರ್‌ಗಳನ್ನು ಬಿಚ್ಚಿ ಅಳೆದು ಅಸಲಿಗಿಂತ ಚೊಕ್ಕವಾಗಿ ಮಾಡಿ ಮಾರುತ್ತಿದ್ದರು. ಅವರ ಪ್ರಿಸಿಷನ್ ನಕಲಿನ ಹೆಸರು 'ಹಾರ್ಡ್ ಪಂಚರ್'. ಪೈಲ್ವಾನನ ಹೆಸರಿದ್ದ ಹಾಗಿದೆ, ಅಲ್ವಾ? ಇವರನ್ನು ಎದುರಿಸಲು ಆಗದೆ ಫೆಂಡರ್ 1982ರಲ್ಲಿ ಕಾಂಡಾ ಶೋಕಾಯಿ, ಯಮಾನೊ ಅನ್ನುವ ಎರಡು ಜಪಾನೀ ಕಂಪನಿಗಳ ಜೊತೆ ಸೇರಿ ಫೆಂಡರ್ ಜಪಾನ್ ಶುರು ಮಾಡಿತು. ತಯಾರಿ ಫುಜಿಗೆನ್‌ದು. ಅಸಲಿಯವನೇ ನಕಲು ಮಾಡುವವನ ಮನೆಗೆ ಬಂದು ನನಗೂ ಒಂದು ಮಾಡಿಕೊಡು ಅಂದ ಹಾಗಾಯಿತು. 1985ರಲ್ಲಿ ಸಿಬಿಎಸ್‌ನಿಂದ ಕಂಪನಿಯನ್ನು ಅದರ ನೌಕರರೇ ಸೇರಿ ಕೊಂಡಾಗ ಅಮೆರಿಕದ ಹಳೇ ಕಾರ್ಖಾನೆ ಅವರಿಗೆ ಸಿಗಲಿಲ್ಲ, ಆಗ ಸ್ವಲ್ಪ ಕಾಲ ಕಂಪನಿ ಉಸಿರಾಡಿದ್ದೇ ಬಹುಪಾಲು ಜಪಾನಿನ ಮಾಲಿನಿಂದ.

ಫೆಂಡರ್ ಜಪಾನ್‌ನವರು ಸ್ಕ್ವಾಯರ್ ಅನ್ನುವ ಹೆಸರಿನಲ್ಲೂ ಬೇಸ್ ಬಿಟ್ಟರು, ಅದರ ಮೊದಲ ಕಂತಿನ ಬೇಸ್‌ಗಳ ಸೀರಿಯಲ್ ನಂಬರು 'ಜೆವಿ' ಅಂತ ಶುರುವಾಗುತ್ತದೆ. 1982ರಿಂದ 1984ರ ತನಕದ್ದು. ಸಂಗ್ರಾಹಕರ ಗುಂಪಿನಲ್ಲಿ ಈ ಎರಡಕ್ಷರ ಹೇಳಿದರೆ ಸಾಕು, ಧ್ವನಿ ಬದಲಾಗುತ್ತದೆ.

ನಾನು ಕೈ ಸುಟ್ಟುಕೊಂಡದ್ದೂ ಇಲ್ಲೇ.

ಒಬ್ಬ ಮಾರಾಟಗಾರ, ಹೆಸರು ಬೇಡ, ಜೆವಿ ಪ್ರಿಸಿಷನ್ ಇದೆ ಅಂದ. ಫೋಟೋದಲ್ಲಿ ಹಿಂಬದಿಯಲ್ಲಿ ನೆಕ್ ಬಿಗಿದಿಡುವ ಲೋಹದ ಪ್ಲೇಟ್, ಅದರ ಮೇಲೆ ಜೆವಿ, ಐದು ಅಂಕಿ, ಎಲ್ಲ ಸ್ಪಷ್ಟ. ದುಡ್ಡು ಕಟ್ಟಿ ತರಿಸಿಕೊಂಡೆ. ಎರಡು ತಿಂಗಳು ಬಂದವರಿಗೆಲ್ಲ ತೋರಿಸಿ ಮೆರೆದೆ. ಆಮೇಲೆ ಹಿರಿಯ ಜಪಾನೀ ಸ್ನೇಹಿತರೊಬ್ಬರು ಮನೆಗೆ ಬಂದರು. ನೋಡಿದರು, ನುಡಿಸಿದರು, ಚೆನ್ನಾಗಿದೆ ಅಂದರು. ಒಂದು ಸ್ಕ್ರೂಡ್ರೈವರ್ ಇದೆಯಾ ಅಂತ ಕೇಳಿದರು. ನನಗೆ ಆಗಲೇ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಯಿತು.

ತಂತಿ ಸಡಿಲ ಮಾಡಿದರು. ಅವಸರ ಇಲ್ಲ, ಒಂದೊಂದಾಗಿ. ನಾಲ್ಕು ತಂತಿ ಸೇರಿ ನೆಕ್ ಮೇಲೆ ಹೆಚ್ಚುಕಮ್ಮಿ 75ರಿಂದ 80 ಕೆಜಿ ಎಳೆತ ಇರುತ್ತದೆ, ಅದನ್ನು ಇಳಿಸದೆ ಸ್ಕ್ರೂ ಮುಟ್ಟಬಾರದು. ಆಮೇಲೆ ಬಾಡಿ ಬೋರಲು ಹಾಕಿ, ಕೆಳಗೆ ಟವೆಲ್ ಹಾಸಿ, ಪ್ಲೇಟಿನ ನಾಲ್ಕು ಸ್ಕ್ರೂ ತೆಗೆದರು. ತೆಗೆದ ಸ್ಕ್ರೂಗಳನ್ನು ಇದ್ದ ಕ್ರಮದಲ್ಲೇ ಒಂದು ಬಟ್ಟಲಿನಲ್ಲಿ ಇಟ್ಟರು. ಪ್ಲೇಟ್ ಎತ್ತಿದಾಗ ಕೆಳಗಿನ ಬಣ್ಣದಲ್ಲಿ ಹಳೇ ಪ್ಲೇಟಿನ ಅಚ್ಚು ಕಂಡಿತು. ಗೋಡೆಯ ಕ್ಯಾಲೆಂಡರ್ ತೆಗೆದರೆ ಹಿಂದೆ ಚೌಕದ ಗುರುತು ಉಳಿಯುತ್ತದಲ್ಲ, ಹಾಗೆ. ಈಗಿನ ಪ್ಲೇಟ್ ಆ ಗುರುತಿಗೆ ಕೂರುತ್ತಿರಲಿಲ್ಲ, ಕೂದಲೆಳೆಯಷ್ಟು ಓರೆ. ನೆಕ್ ಹೊರಗೆ ಬಂತು. ಅದರ ಬುಡದಲ್ಲಿ, ಕಚ್ಚಾ ಮರದ ಮೇಲೆ, ಮಾಸಿದ ಶಾಯಿಯಲ್ಲಿ ಒಂದು ತಾರೀಖು. 1986. ಅವರು ಏನೂ ಅನ್ನಲಿಲ್ಲ, ನೆಕ್ಕನ್ನು ನನ್ನ ಕಡೆ ತಿರುಗಿಸಿ ಹಿಡಿದರು. ಅಷ್ಟೇ.

ಬೆಳ್ಳಗಿರುವುದೆಲ್ಲ ಹಾಲಲ್ಲ. ಬೇಸ್ ಜಪಾನಿನದೇ, ಮರ ಒಳ್ಳೇದೇ, ಆದರೆ ಜೆವಿ ಅಲ್ಲ. ಯಾರೋ ಬೇರೆ ಬೇಸಿನ ಪ್ಲೇಟ್ ತಂದು ಇದಕ್ಕೆ ಬಿಗಿದಿದ್ದರು. ಹಾಗಾದರೆ ನನ್ನ ಹತ್ತಿರ ಇರುವುದು ಏನು? ಅಮೆರಿಕದ ಮಾದರಿ ನೋಡಿ ಜಪಾನಿನಲ್ಲಿ ಮಾಡಿದ್ದು, ಅದನ್ನು ಇನ್ನೊಂದು ಜಪಾನಿನದ್ದು ಅಂತ ಹೇಳಿ ಮಾರಿದ್ದು. ನಕಲಿಗೂ ನಕಲು ಹುಟ್ಟಿತು ಅಂದರೆ ಅದು ಅಸಲಿ ಆಯಿತು ಅಂತಲೇ ಅರ್ಥ ಅಂತ ಆವತ್ತು ಮನಸ್ಸಿಗೆ ಸಮಾಧಾನ ಮಾಡಿಕೊಂಡೆ. ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು: ಪ್ಲೇಟ್ ನಂಬಬೇಡಿ, ಬುಡ ನೋಡಿ. ಇಬಾನೆಜ್ ಆದರೆ ಸ್ವಲ್ಪ ಸುಲಭ. 1975ರ ಮೇಲೆ ಫುಜಿಗೆನ್‌ನಲ್ಲಿ ಆದ ಇಬಾನೆಜ್‌ಗಳಲ್ಲಿ ಸೀರಿಯಲ್ ನಂಬರಿನ ಮೊದಲಕ್ಷರ ತಿಂಗಳು, ಮುಂದಿನ ಎರಡು ಅಂಕಿ ವರ್ಷ. ಇಂಗ್ಲಿಷಿನ ಮೂರನೇ ಅಕ್ಷರ ಸಿ, ಮುಂದೆ 78 ಇದ್ದರೆ 1978ರ ಮಾರ್ಚ್. ತಾವು ಹುಟ್ಟಿದ ತಿಂಗಳಿನದು ಹುಡುಕುವ ಹುಚ್ಚರೂ ಇದ್ದಾರೆ. ನಾನೂ ಹುಡುಕಿದ್ದೆ, ಇರಲಿ.

ನಮ್ಮ ನಾಡಿನ ನಂಟೂ ಒಂದಿದೆ. ಈ ಬೇಸ್‌ಗಳ ನೆಕ್ ಮೇಲಿನ ಕಪ್ಪು-ಕಂದು ಪಟ್ಟಿ, ಬೆರಳು ಓಡಾಡುವ ಜಾಗ, ಅದು ಜಾಸ್ತಿ ರೋಸ್‌ವುಡ್. 60ರ ದಶಕದ ಕೊನೆಗೆ ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿ ಹೊರಗೆ ಕಳಿಸುವುದನ್ನು ಬಿಗಿ ಮಾಡಿದ ಮೇಲೆ ಜಗತ್ತಿನ ಗಿಟಾರ್ ಕಾರ್ಖಾನೆಗಳು ಭಾರತದ ರೋಸ್‌ವುಡ್ ಕಡೆ ತಿರುಗಿದವು. ನಮ್ಮ ಬೀಟೆ ಮರ. ಮಲೆನಾಡಿನ ಹಳೇ ಮನೆಗಳ ಬೀಟೆ ಮಂಚ, ಬೀಟೆ ಬಾಗಿಲು ನೋಡಿದವರಿಗೆ ಈ ಬಣ್ಣ ಹೊಸದಲ್ಲ. 2017ರ ಜನವರಿಯಲ್ಲಿ ಆ ಜಾತಿಯ ಮರಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಗೆ ಸೇರಿದಾಗ ಸಂಗ್ರಾಹಕರು ಕಂಗಾಲಾದರು, ಹಳೇ ಬೇಸ್ ಒಂದು ದೇಶದಿಂದ ಇನ್ನೊಂದಕ್ಕೆ ಮಾರಲು ಕಾಗದಪತ್ರ ಬೇಕಾಯಿತು. 2019ರ ನವೆಂಬರ್‌ನಲ್ಲಿ, ಬ್ರೆಜಿಲ್ ರೋಸ್‌ವುಡ್ ಬಿಟ್ಟು ಉಳಿದವುಗಳಿಂದ ಮಾಡಿದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಇಷ್ಟೆಲ್ಲ ಮಾಡುತ್ತಿದ್ದವರು ನಿಲ್ಲಿಸಿದ್ದು ಯಾಕೆ ಅಂತ ಕೇಳುತ್ತಾರೆ. ಡಾಲರಿನ ಬೆಲೆ ಇಳಿಸಲು ಐದು ದೇಶಗಳು ಮಾಡಿಕೊಂಡ 1985ರ ಪ್ಲಾಝಾ ಒಪ್ಪಂದದ ನಂತರ ಯೆನ್ ಏರಿತು. ಡಾಲರಿಗೆ 240ರ ಆಸುಪಾಸಿನಲ್ಲಿದ್ದದ್ದು ಎರಡು ಮೂರು ವರ್ಷದಲ್ಲಿ ಅರ್ಧಕ್ಕೆ ಹತ್ತಿರ ಬಂತು. ಅದೇ ಬೇಸ್ ಅಮೆರಿಕದವನಿಗೆ ದುಬಾರಿ, ಕೆಲಸ ಕೊರಿಯಾಗೆ ಹೋಯಿತು. ಮತ್ಸುಮೊಕು 1987ರಲ್ಲಿ ಬಾಗಿಲು ಹಾಕಿತು. ಫುಜಿಗೆನ್ ಇವತ್ತಿಗೂ ನಡೆಯುತ್ತಿದೆ.

ಜಪಾನಿನಲ್ಲೇ ಈ ಬೇಸ್‌ಗಳಿಗೆ ತುಂಬಾ ಕಾಲ ಬೆಲೆ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಅಲ್ಲೂ ನಿಜ. ತೋಕಿಯೊದ ಒಚಾನೊಮಿಜು ಬೀದಿಯ ಅಂಗಡಿಗಳಲ್ಲಿ ಅಮೆರಿಕದ ಫೆಂಡರ್ ಗಾಜಿನ ಹಿಂದೆ, ಇವು ಬಾಗಿಲ ಹತ್ತಿರ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತಿದ್ದನ್ನು ನಾನೇ ನೋಡಿದ್ದೇನೆ. ಹೊರಗಿನವರು ಹುಡುಕಿಕೊಂಡು ಬಂದ ಮೇಲೆ ಅವೂ ಮೆಲ್ಲಗೆ ಒಳಗೆ ಸರಿದವು.

ಸಂಗ್ರಹ ಮಾಡುವವರಲ್ಲಿ ಎರಡು ಜಾತಿ. ಪೆಟ್ಟಿಗೆಯಿಂದ ತೆಗೆಯದವರು, ತೆಗೆದದ್ದನ್ನು ಪೆಟ್ಟಿಗೆಗೆ ಇಡದವರು. ಮೊದಲನೆಯವರ ಬಗ್ಗೆ ನನಗೆ ಸಿಟ್ಟಿಲ್ಲ, ಅವರಿಂದಲೇ ಮಾಸದ ಲೇಬಲ್, ಮೂಲ ಸ್ಕ್ರೂ, ಹಳೇ ಕ್ಯಾಟಲಾಗ್ ಉಳಿದಿರುವುದು. ಆದರೆ ಬೇಸನ್ನು ಸುಮ್ನೆ ಇಟ್ಟರೂ ಕೆಡುತ್ತದೆ. ಪೆಟ್ಟಿಗೆಯೊಳಗಿನ ಸ್ಪಂಜು ಅಂಟಾಗುತ್ತದೆ, ಲೋಹದ ಹೊಳಪಿನ ಮೇಲೆ ಚುಕ್ಕಿ ಏಳುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆ. ಕೊಳ್ಳುವಾಗ ಬಣ್ಣದ ಗೀರು ಬಿಡಿ, ನೆಕ್ ಬಾಗದ ಹಾಗೆ ಹಿಡಿಯುವ ಒಳಗಿನ ಲೋಹದ ಸರಳು, ಟ್ರಸ್ ರಾಡ್, ಇನ್ನೂ ತಿರುಗುತ್ತದೆಯಾ ಕೇಳಿ. ಅದು ಕೊನೆ ಮುಟ್ಟಿ ಗಟ್ಟಿಯಾಗಿ ನಿಂತಿದ್ದರೆ ಬೇಸ್ ಎಷ್ಟೇ ಚೆಂದ ಇರಲಿ, ಕೈ ಮುಗಿದು ಎದ್ದು ಬನ್ನಿ.

ಇಲ್ಲಿರುವುದು ಅದೇ, ಜೆವಿ ಅಲ್ಲದ ನನ್ನ ಪ್ರಿಸಿಷನ್. ಸುಳ್ಳು ಪ್ಲೇಟ್ ತೆಗೆದು ನಂಬರಿಲ್ಲದ ಪ್ಲೇಟ್ ಹಾಕಿದ್ದೇನೆ. ಕೂದಲೆಳೆ ಓರೆ ಇದ್ದದ್ದು ಈಗ ಸರಿಯಾಗಿದೆ.

ಆಗಲೇ 40 ವರ್ಷ ಅಂದೆನಲ್ಲ, ಹಳೇ ಚಾಳಿ, ಒಂದೆರಡು ವರ್ಷ ಸೇರಿಸಿಯೇ ಹೇಳಿರಬಹುದು, ಲೆಕ್ಕ ನೀವೇ ಹಾಕಿಕೊಳ್ಳಿ. ನಿಮ್ಮಲ್ಲಿ ಮೂರು ನಾಲ್ಕು ಜನ ಬೇಸ್ ತಂದಿರುವುದು ಕಾಣುತ್ತಿದೆ. ನಾನು ಸ್ಕ್ರೂಡ್ರೈವರ್, ಟವೆಲ್, ಬಟ್ಟಲು ತಂದಿದ್ದೇನೆ. ಮುಂದೆ ಬನ್ನಿ, ತಂತಿ ಮಾತ್ರ ಅಲ್ಲೇ ಸಡಿಲ ಮಾಡಿಕೊಂಡು ಬನ್ನಿ. ಯಾರದು ಮೊದಲು?