ಮೊದಲ ಕೈಯಲ್ಲೇ ಕಾಂಬೊ ಬರುವುದು ಎಷ್ಟು ಸಲ?

ನಮಸ್ಕಾರ ಕೇಳುಗರೇ.

ಮಂಗಳೂರಿನಲ್ಲಿ ಮಳೆ ಹಿಡಿಯಿತು ಅಂದ್ರೆ ಮೈದಾನದ ಆಟ ಬಂದ್. ಚಾವಡಿಯಲ್ಲೋ ಹಾಸ್ಟೆಲ್ ಕೋಣೆಯಲ್ಲೋ ಕಾರ್ಡು ಹೊರಗೆ ಬರುತ್ತವೆ. ಇಸ್ಪೀಟು ಎಲ್ಲರಿಗೂ ಗೊತ್ತು. ಈಗಿನ ಹುಡುಗ ಹುಡುಗಿಯರ ಕೈಯಲ್ಲಿ ಇನ್ನೊಂದು ಬಗೆಯ ಕಾರ್ಡೂ ಇದೆ. ಮ್ಯಾಜಿಕ್ ದ ಗ್ಯಾದರಿಂಗ್, ಯುಗಿಯೋ, ಪೋಕೆಮಾನ್. ಇಲ್ಲಿ ಎಲ್ಲರಿಗೂ ಒಂದೇ ಕಟ್ಟು ಇರುವುದಿಲ್ಲ, ಸಾವಿರಾರು ಕಾರ್ಡುಗಳಲ್ಲಿ ಬೇಕಾದ್ದನ್ನು ಆರಿಸಿ ಅವರವರ ಡೆಕ್ ಅವರವರೇ ಕಟ್ಟಿಕೊಂಡು ಬರಬೇಕು.

ಈ ಆಟ ಆಡುವವರ ಬಾಯಲ್ಲಿ ಒಂದು ದೂರು ಯಾವಾಗಲೂ ಇರುತ್ತದೆ. 'ಅವನಿಗೆ ಯಾವಾಗ ನೋಡಿದರೂ ಮೊದಲ ಕೈಯಲ್ಲೇ ಕಾಂಬೊ ಬರ್ತದೆ ಮಾರಾಯ್ರೆ, ನಾನು ಆಡುವ ಮೊದಲೇ ಆಟ ಮುಗೀತದೆ.' ಮೊದಲ ಕೈ ಅಂದರೆ ಆಟ ಶುರುವಾಗುವಾಗ ಡೆಕ್‌ನಿಂದ ತೆಗೆಯುವ ಕಾರ್ಡುಗಳು, ಕಾಂಬೊ ಅಂದರೆ ಜೊತೆಯಾಗಿ ಬಂದರೆ ಆಟವನ್ನೇ ಮುಗಿಸಿಬಿಡುವ ಎರಡೋ ಮೂರೋ ಕಾರ್ಡು. ಈ ದೂರು ಎಷ್ಟು ನಿಜ ಅನ್ನುವುದನ್ನು ಲೆಕ್ಕ ಹಾಕಿ ನೋಡಬಹುದು. ಪಿಯುಸಿ ಗಣಿತ ಸಾಕು, ನಿಜ ಹೇಳಬೇಕಂದ್ರೆ ಅದೂ ಬೇಡ, ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಆಯಿತು.

ಮ್ಯಾಜಿಕ್ ಬಂದದ್ದು 1993ರಲ್ಲಿ. ಅದನ್ನು ಕಟ್ಟಿದ ರಿಚರ್ಡ್ ಗಾರ್ಫೀಲ್ಡ್ ಕಾಂಬಿನೇಟರಿಕ್ಸ್ ಅನ್ನುವ ಎಣಿಕೆಯ ಗಣಿತದಲ್ಲೇ ಪಿಎಚ್‌ಡಿ ಮಾಡಿದವರು. ಆ ಮೊದಲ ಕಾರ್ಡುಗಳಲ್ಲೇ ಒಂದು ಭಯಂಕರ ಕಾಂಬೊ ಇತ್ತು. ಬ್ಲ್ಯಾಕ್ ಲೋಟಸ್, ಮೌಂಟನ್, ಚಾನೆಲ್, ಫೈರ್‌ಬಾಲ್. ಚಾನೆಲ್ ಆಡಿದರೆ ನಮ್ಮ ಜೀವದ ಅಂಕ ಕೊಟ್ಟು ಮಾನಾ, ಅಂದರೆ ಶಕ್ತಿ, ಕೊಳ್ಳಬಹುದು. ಇರುವ 20 ಅಂಕದಲ್ಲಿ 19 ಕೊಟ್ಟು, ಲೋಟಸ್‌ನಲ್ಲಿ ಉಳಿದ ಒಂದನ್ನು ಸೇರಿಸಿ, ಎದುರಿನವರ 20 ಅಂಕವನ್ನೂ ಫೈರ್‌ಬಾಲ್‌ನಿಂದ ಸುಟ್ಟುಬಿಡುವುದು. ಮೊದಲ ಸರದಿಯಲ್ಲೇ.

ಈಗ ಲೆಕ್ಕಕ್ಕೆ ಬರೋಣ. ಮ್ಯಾಜಿಕ್‌ನಲ್ಲಿ ಸಾಮಾನ್ಯವಾಗಿ ಡೆಕ್‌ಗೆ ಕನಿಷ್ಠ 60 ಕಾರ್ಡು, ಮೊದಲ ಕೈಗೆ 7. ಒಂದೇ ಹೆಸರಿನ ಕಾರ್ಡು ಹೆಚ್ಚೆಂದರೆ 4. ನಾಲ್ಕೂ ಹಾಕಿದರೆ ಒಂದಾದರೂ ಮೊದಲ ಕೈಗೆ ಬರುವ ಸಾಧ್ಯತೆ ಎಷ್ಟು? ಬರುವುದನ್ನು ಎಣಿಸಲು ಹೋದರೆ ತಲೆ ಕೆಡುತ್ತದೆ, ಒಂದು ಬರಬಹುದು, ಎರಡು ಬರಬಹುದು, ನಾಲ್ಕೂ ಬರಬಹುದು. ಅದಕ್ಕೆ ಬಾರದೇ ಇರುವುದನ್ನು ಎಣಿಸಿ. ಮೇಲಿನ 7 ಜಾಗ ಬಿಟ್ಟರೆ ಉಳಿದದ್ದು 53 ಜಾಗ. ಮೊದಲ ಪ್ರತಿ ಆ 53ರಲ್ಲಿ ಕೂತಿರಬೇಕು, 60ರಲ್ಲಿ 53. ಎರಡನೆಯದಕ್ಕೆ 59ರಲ್ಲಿ 52, ಮೂರನೆಯದಕ್ಕೆ 58ರಲ್ಲಿ 51, ನಾಲ್ಕನೆಯದಕ್ಕೆ 57ರಲ್ಲಿ 50. ನಾಲ್ಕೂ ಭಿನ್ನರಾಶಿ ಗುಣಿಸಿದರೆ ನೂರಕ್ಕೆ 60. ಅಂದರೆ ಒಂದಾದರೂ ಬರುವುದು ನೂರಕ್ಕೆ 40.

ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ, ಜಾರುವುದು ಇದರ ಮುಂದೆ. ಎರಡು ಕಾರ್ಡಿನ ಕಾಂಬೊ, ಎರಡೂ ನಾಲ್ಕು ನಾಲ್ಕು ಪ್ರತಿ. ಹಾಗಾದರೆ 40ರಲ್ಲಿ ನೂರಕ್ಕೆ 40, ಅಂದರೆ 16 ಅಂತ ಥಟ್ಟನೆ ಗುಣಿಸಿಬಿಡುತ್ತಾರೆ. ಅದು ತಪ್ಪು. ಕೈಯಲ್ಲಿ ಇರುವುದೇ ಏಳು ಜಾಗ, ಒಂದು ಜಾಗದಲ್ಲಿ ಮೊದಲ ಕಾರ್ಡು ಕೂತರೆ ಎರಡನೆಯದಕ್ಕೆ ಉಳಿಯುವುದು ಆರೇ. ಒಂದು ಬಂದರೆ ಇನ್ನೊಂದರ ಅವಕಾಶ ತುಸು ಕಡಿಮೆಯಾಗುತ್ತದೆ. ಸರಿಯಾದ ದಾರಿ ಹೀಗೆ: 100ರಲ್ಲಿ ಮೊದಲನೆಯದು ಬಾರದ 60 ಕಳೆಯಿರಿ, ಎರಡನೆಯದು ಬಾರದ 60 ಕಳೆಯಿರಿ, ಎರಡೂ ಬಾರದ ಕೈಗಳನ್ನು ಎರಡು ಸಲ ಕಳೆದಿರುವುದರಿಂದ ಒಂದು ಸಲ ತಿರುಗಿ ಕೂಡಿಸಿ. ಎಂಟರಲ್ಲಿ ಒಂದೂ ಕೈಗೆ ಬಾರದಿರುವುದು ನೂರಕ್ಕೆ 34.6. ಕೊನೆಗೆ ಉಳಿಯುವುದು 14.5. ಏಳು ಕೈಗೆ ಒಂದು ಅನ್ನಿ.

ಮೂರು ಕಾರ್ಡಿನ ಕಾಂಬೊ ಆದರೆ ಇದೇ ಲೆಕ್ಕದಲ್ಲಿ ನೂರಕ್ಕೆ 4.7ಕ್ಕೆ ಕುಸಿಯುತ್ತದೆ. ಒಂದು ಕಾರ್ಡು ಜಾಸ್ತಿ ಆಗಿದ್ದಕ್ಕೆ ಅವಕಾಶ ಮೂರನೇ ಒಂದು ಪಾಲಾಯಿತು, ನೋಡಿ. ಗಟ್ಟಿ ಆಟಗಾರರು ಎರಡು ಕಾರ್ಡಿನ ಕಾಂಬೊಗಾಗಿ ಅಷ್ಟೊಂದು ಹುಡುಕಾಡುವುದು ಇದಕ್ಕೇ. ಇನ್ನೊಂದು ದಾರಿ ಟ್ಯೂಟರ್, ಅಂದರೆ ಡೆಕ್ ಒಳಗಿಂದ ಬೇಕಾದ ಕಾರ್ಡನ್ನು ಹುಡುಕಿ ತರುವ ಕಾರ್ಡು. ಎರಡನೇ ತುಂಡನ್ನು ತರಬಲ್ಲ ಟ್ಯೂಟರ್ ನಾಲ್ಕು ಹಾಕಿದರೆ ಆ ತುಂಡು ನಾಲ್ಕಲ್ಲ, ಎಂಟು ಇದ್ದ ಹಾಗೆ. 14.5 ಇದ್ದದ್ದು 24.4 ಆಗುತ್ತದೆ. ಟ್ಯೂಟರ್ ಆಡಲೂ ಮಾನಾ ಬೇಕು, ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಆದರೂ ನನ್ನ ಮಟ್ಟಿಗೆ ಡೆಕ್ ಕಟ್ಟುವುದರಲ್ಲಿ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿಲ್ಲ.

ಕೈ ಹಿಡಿಸದಿದ್ದರೆ ವಾಪಸು ಕೊಟ್ಟು ಹೊಸದು ತೆಗೆಯುವುದಕ್ಕೆ ಮಲಿಗನ್ ಅನ್ನುತ್ತಾರೆ. 2019ರಿಂದ ಮ್ಯಾಜಿಕ್‌ನಲ್ಲಿ ಮಲಿಗನ್ ಮಾಡಿದರೂ ಪೂರ್ತಿ 7 ಕಾರ್ಡು ನೋಡಿ, ಆಮೇಲೆ ಮಲಿಗನ್‌ಗೆ ಒಂದರಂತೆ ಡೆಕ್‌ನ ಅಡಿಗೆ ಹಾಕುವ ನಿಯಮ ಬಂದಿದೆ. ಕಾಂಬೊ ಆಡುವವರಿಗೆ ಇದು ವರ. ಒಂದು ಮಲಿಗನ್‌ಗೆ ತಯಾರಿದ್ದರೆ 14.5 ಹೋಗಿ 27 ಆಗುತ್ತದೆ, ಎರಡಕ್ಕೆ ತಯಾರಿದ್ದರೆ 37.6. ಮಲಿಗನ್ ಬೇಡ, ಕಾಯುತ್ತೇನೆ ಅನ್ನುವವರಿಗೂ ದಾರಿ ಇದೆ. ಎರಡನೆಯವರಾಗಿ ಆಡಿದರೆ ಮೂರನೇ ಸರದಿಗೆ 10 ಕಾರ್ಡು ನೋಡಿರುತ್ತೀರಿ, ಆಗ ನೂರಕ್ಕೆ 26.5. ಆದರೆ ಅಷ್ಟರಲ್ಲಿ ಎದುರಿನವರೂ ಮೂರು ಸರದಿ ಆಡಿರುತ್ತಾರೆ, ಅಲ್ವಾ?

ನಮ್ಮ ಕಡೆ ಆಟಿ ತಿಂಗಳಲ್ಲಿ ಚೆನ್ನೆಮಣೆ ಆಡುತ್ತಾರೆ. 14 ಗುಳಿ, ಗುಳಿಗೆ ನಾಲ್ಕರಂತೆ ಕಾಯಿ, ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಅಲ್ಲಿ ಎಣಿಸಿದವರು ಗೆದ್ದರೆ ಯಾರೂ ಅದೃಷ್ಟ ಅನ್ನುವುದಿಲ್ಲ. ಇಲ್ಲಿ ಕಾರ್ಡು ಕಾಣುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಜನ ಎಣಿಸುವುದನ್ನೇ ಬಿಟ್ಟುಬಿಡುತ್ತಾರೆ. ನನಗೆ ಬೇಸರ ಆಗುವುದು ಅದಕ್ಕೇ.

ಕೆಲವು ಕಾರ್ಡಿಗೆ ನಾಲ್ಕಲ್ಲ, ಒಂದೇ ಪ್ರತಿ ಅನ್ನುವ ನಿಯಮವೂ ಇದೆ, ಅದು ಎಷ್ಟು ಬಿಗಿ? ಹಳೆಯ ಕಾರ್ಡುಗಳನ್ನೂ ಆಡಬಹುದಾದ ಮ್ಯಾಜಿಕ್‌ನ ವಿಂಟೇಜ್ ಬಗೆಯಲ್ಲಿ ಬ್ಲ್ಯಾಕ್ ಲೋಟಸ್ ಒಂದೇ, ಚಾನೆಲ್ ಒಂದೇ. ಇವೆರಡೂ ಮೊದಲ ಕೈಗೆ ಬರುವುದು 84 ಕೈಗೆ ಒಂದು ಸಲ. ನಾಲ್ಕು ನಾಲ್ಕು ಇದ್ದಾಗ ಏಳಕ್ಕೆ ಒಂದು ಇತ್ತು. ಪ್ರತಿಗಳ ಸಂಖ್ಯೆ ನಾಲ್ಕನೇ ಒಂದಾಯಿತು, ಅವಕಾಶ ಹನ್ನೆರಡನೇ ಒಂದಾಯಿತು. ಯುಗಿಯೋದಲ್ಲಿ ಎಕ್ಸೋಡಿಯಾದ ಐದು ತುಂಡು ಕೈಗೆ ಬಂದರೆ ಅಲ್ಲಿಗೇ ಗೆಲುವು. ಐದಕ್ಕೂ ಒಂದೊಂದೇ ಪ್ರತಿ. 40 ಕಾರ್ಡಿನ ಡೆಕ್‌ನಿಂದ ಮೊದಲ ಐದು ಕಾರ್ಡೇ ಆ ಐದಾಗುವುದು 6,58,008ಕ್ಕೆ ಒಂದು ಸಲ.

ಯುಗಿಯೋದಲ್ಲಿ ಇನ್ನೊಂದು ಲೆಕ್ಕ ಇದೆ, ಅಲ್ಲಿ ಗುಣಾಕಾರವೇ ಸರಿ. ಡೆಕ್‌ನಲ್ಲಿ ಕಾಂಬೊ ಶುರುಮಾಡುವ ಕಾರ್ಡು 12 ಇದ್ದರೆ ಮೊದಲ ಐದರಲ್ಲಿ ಒಂದಾದರೂ ಬರುವುದು ನೂರಕ್ಕೆ 85. ಎದುರಿನವರ 40 ಕಾರ್ಡಿನಲ್ಲಿ ಅದನ್ನು ತಡೆಯುವ ಕಾರ್ಡು ಮೂರು ಇದ್ದರೆ ಅವರ ಕೈಯಲ್ಲಿ ಅದು ಇರುವುದು ನೂರಕ್ಕೆ 34, ಇಲ್ಲದಿರುವುದು 66. ನಿಮ್ಮ ಡೆಕ್ ಬೇರೆ, ಅವರ ಡೆಕ್ ಬೇರೆ, ಒಂದರ ಜಾಗವನ್ನು ಇನ್ನೊಂದು ಕಸಿಯುವುದಿಲ್ಲ. ಹಾಗಾಗಿ ಧೈರ್ಯವಾಗಿ ಗುಣಿಸಿ. ಅಡ್ಡಿ ಇಲ್ಲದೆ ಶುರುವಾಗುವುದು ನೂರಕ್ಕೆ 56.

ಈಗ ಆ ದೂರಿಗೆ ಉತ್ತರ. ಏಳು ಕೈಗೆ ಒಂದೇ ಸಲ ಬರುವ ಕಾಂಬೊ ಯಾವಾಗಲೂ ಬಂದ ಹಾಗೆ ಯಾಕೆ ಅನಿಸುತ್ತದೆ? ಆ ಡೆಕ್ ಜೊತೆ 10 ಆಟ ಆಡಿ. ಅಷ್ಟರಲ್ಲಿ ಒಮ್ಮೆಯಾದರೂ ಅದು ಮೊದಲ ಕೈಯಲ್ಲಿ ಬರುವ ಸಾಧ್ಯತೆ ನೂರಕ್ಕೆ 79. ಬಂದ ಆ ಒಂದು ಆಟ ವಾರವಿಡೀ ತಲೆಯಲ್ಲಿ ಕೂರುತ್ತದೆ, ಬಾರದ ಒಂಬತ್ತು ರಾತ್ರಿಯೊಳಗೇ ಮರೆತುಹೋಗುತ್ತವೆ.

ಲೆಕ್ಕ ಬೇಡ, ಕೈ ತೆಗೆದೇ ನೋಡುತ್ತೇನೆ ಅನ್ನುವವರಿಗೆ ಎರಡು ಮಾತು. 14.5ರ ಕಾಂಬೊವನ್ನು 100 ಸಲ ತೆಗೆದು ನೋಡಿದರೆ 8 ಸಲ ಬಂದರೂ ಸಹಜ, 21 ಸಲ ಬಂದರೂ ಸಹಜ. ಡೆಕ್‌ನಲ್ಲಿ ಒಂದು ಕಾರ್ಡು ಬದಲಿಸಿದ್ದು ಒಳ್ಳೆಯದಾಯಿತೋ ಇಲ್ಲವೋ ಅಂತ ಹೇಳಲು 100 ಕೈ ಸಾಲದು. ಇನ್ನೊಂದು, ಈ ಎಲ್ಲ ಸಂಖ್ಯೆಯೂ ಡೆಕ್ ಚೆನ್ನಾಗಿ ಕಲೆಸಿದೆ ಅಂತ ನಂಬಿ ಹಾಕಿದ್ದು. ಇಸ್ಪೀಟಿನ 52 ಎಲೆಗೆ ಏಳು ಸಲ ರಿಫಲ್, ಅಂದರೆ ಕಟ್ಟನ್ನು ಎರಡು ಮಾಡಿ ಎಲೆಗಳನ್ನು ಒಂದರೊಳಗೊಂದು ಬೀಳಿಸುವ ಕಲೆಸುವಿಕೆ, ಬೇಕು ಅಂತ 1992ರಲ್ಲೇ ಬೇಯರ್ ಮತ್ತು ಡಯಾಕೊನಿಸ್ ಅನ್ನುವ ಗಣಿತಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. 60 ಕಾರ್ಡಿಗೆ ಅದಕ್ಕಿಂತ ಕಡಿಮೆ ಸಾಕಾಗುವುದಿಲ್ಲ. ಸುಮ್ನೆ ಮೂರು ಸಲ ಕಲೆಸಿ ಮೇಜಿಗಿಟ್ಟರೆ, ಹಿಂದಿನ ಆಟದಲ್ಲಿ ಒಟ್ಟಿಗಿದ್ದ ಕಾಂಬೊ ತುಂಡುಗಳು ಹತ್ತಿರ ಹತ್ತಿರವೇ ಉಳಿದಿರಬಹುದು, ಆಗ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ.

ನಮಸ್ಕಾರ.