ಲಿನಕ್ಸ್‌ನ ಸೆಟ್ಟಿಂಗ್ ಫೈಲ್‌ಗಳು ಚುಕ್ಕಿಯಿಂದ ಶುರುವಾಗುವುದು ಯಾಕೆ?

ನಮಸ್ಕಾರ. ನಮ್ಮ ವೀಕ್ಷಕರೊಬ್ಬರ ಪ್ರಶ್ನೆ: "ಬ್ಯಾಷ್ ಸೆಟ್ಟಿಂಗ್ ಬದಲಿಸಿ ಅಂದ್ರಿ. ಹೋಮ್ ಫೋಲ್ಡರ್ ತೆಗೆದರೆ ಆ ಫೈಲೇ ಕಾಣಲ್ವಲ್ಲ?"

ಬ್ಯಾಷ್ ಅಂದರೆ ನಾವು ಟೈಪ್ ಮಾಡಿದ ಕಮಾಂಡ್ ನಡೆಸುವ ಪ್ರೋಗ್ರಾಂ, ಅಂದರೆ ಶೆಲ್. ಅದರ ಸೆಟ್ಟಿಂಗ್ ಫೈಲ್ ಅಲ್ಲೇ ಇದೆ. ಹೆಸರು .ಬ್ಯಾಷ್‌ಆರ್‌ಸಿ. ಮೊದಲಿಗೆ ಚುಕ್ಕಿ ಇರುವುದರಿಂದ ಕಾಣುವುದಿಲ್ಲ. ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಜೊತೆ -ಎ ಹಾಕಿ, ಸಾಲಾಗಿ ಬರುತ್ತವೆ. ಶೆಲ್, ಫೈಲ್ ಬದಲಾವಣೆಗಳ ದಾಖಲೆ ಇಡುವ ಗಿಟ್, ಬೇರೆ ಮಷೀನಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್, ಎಲ್ಲದರ ಸೆಟ್ಟಿಂಗೂ ಹೀಗೇ ಬಚ್ಚಿಟ್ಟಿರುತ್ತದೆ. ಆದರೆ ಚುಕ್ಕಿಯೇ ಯಾಕೆ?

[ಸ್ಕ್ರೀನ್: ಒಂದು ಚುಕ್ಕಿ, ಪಕ್ಕದಲ್ಲಿ ಎರಡು ಚುಕ್ಕಿ]

ಬೆಲ್ ಲ್ಯಾಬ್ಸ್‌ನಲ್ಲಿ, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಮೇಲೆ ಕೆಲಸ ಮಾಡಿದ ರಾಬ್ ಪೈಕ್ 2012ರಲ್ಲಿ ಈ ಕಥೆ ಬರೆದರು. ಯುನಿಕ್ಸ್‌ಗೆ ಫೋಲ್ಡರ್ ಒಳಗೆ ಫೋಲ್ಡರ್ ಬಂದಾಗ, ಪ್ರತಿ ಫೋಲ್ಡರಿನಲ್ಲೂ ಎರಡು ಹೆಸರು ಸೇರಿಕೊಂಡವು. ಒಂದು ಚುಕ್ಕಿ ಅಂದರೆ ಈ ಫೋಲ್ಡರ್. ಎರಡು ಚುಕ್ಕಿ ಅಂದರೆ ಇದರ ಮೇಲಿನದು. ಎಲ್‌ಎಸ್ ಕೊಟ್ಟಾಗಲೆಲ್ಲ ಇವೆರಡೂ ಕಣ್ಣಿಗೆ ಬೀಳುತ್ತಿದ್ದವು, ಕಿರಿಕಿರಿ. ಎಲ್‌ಎಸ್ ಬರೆದವರು ಒಂದು ಚಿಕ್ಕ ಪರೀಕ್ಷೆ ಹಾಕಿದರು: ಮೊದಲ ಅಕ್ಷರ ಚುಕ್ಕಿಯಾದರೆ ತೋರಿಸಬೇಡ.

ಮದುವೆ ಛತ್ರದ ಬಾಗಿಲಲ್ಲಿ ಒಬ್ಬನನ್ನು ನಿಲ್ಲಿಸಿ, "ರಾಮಣ್ಣ, ರಾಮಪ್ಪ ಇಬ್ಬರನ್ನೂ ಒಳಗೆ ಬಿಡಬೇಡ" ಅಂದಿರಿ ಅಂತಿಟ್ಟುಕೊಳ್ಳಿ. ಪೂರ್ತಿ ಹೆಸರು ಯಾರು ಕೇಳುತ್ತಾರೆ ಅಂತ ಅವನು "ರಾ" ಅಂದವರನ್ನೆಲ್ಲ ಹೊರಗೇ ನಿಲ್ಲಿಸಿದ. ರಾಜಮ್ಮನೂ ಹೊರಗೆ, ರಾಘು ಮಾವನೂ ಹೊರಗೆ! ಎಲ್‌ಎಸ್‌ನಲ್ಲಿ ಆದದ್ದೂ ಇದೇ. ಪೂರ್ತಿ ಹೆಸರು ಹೋಲಿಸಿದ್ದರೆ ಕೋಡ್ ಸ್ವಲ್ಪ ಉದ್ದವಾಗುತ್ತಿತ್ತು, ಅಷ್ಟೇ. ಆಮೇಲೆ ಪ್ರೋಗ್ರಾಂ ಬರೆಯುವವರಿಗೆ ಇದು ಅನುಕೂಲವಾಗಿ ಕಂಡಿತು. ಚುಕ್ಕಿ ಹಾಕಿದರೆ ಯಾರಿಗೂ ಕಾಣಲ್ಲ ಅಲ್ವಾ? ಎಲ್ಲರೂ ತಮ್ಮ ಸೆಟ್ಟಿಂಗ್ ತಂದು ನಮ್ಮ ಹೋಮ್ ಫೋಲ್ಡರಿಗೆ ಸುರಿದರು. ಪೈಕ್ ಅವರ ಬೇಸರವೂ ಇದೇ. ಪ್ರತ್ಯೇಕ ಫೋಲ್ಡರ್ ಒಂದಿದ್ದರೆ ಸಾಕಿತ್ತು ಅಂದರು, ನನಗೂ ಅದೇ ಸರಿ ಅನ್ನಿಸುತ್ತದೆ.

[ಸ್ಕ್ರೀನ್: ಟರ್ಮಿನಲ್]

ತೊಂದರೆ ಬರುವುದು ಹೊಸ ಮಷೀನಿಗೆ ಹೋಗುವಾಗ. ಫೋಲ್ಡರ್ ಸಮೇತ ಕಾಪಿ ಮಾಡುವ ಸಿಪಿ -ಆರ್ ಕೊಟ್ಟು, ಎಲ್ಲ ಫೈಲೂ ಬರಲಿ ಅಂತ ಸ್ಟಾರ್ ಹಾಕುತ್ತೀರಿ. ಬ್ಯಾಷ್‌ನಲ್ಲಿ ಸ್ಟಾರ್ ಕೂಡ ಚುಕ್ಕಿ ಹೆಸರುಗಳನ್ನು ಬಿಟ್ಟುಬಿಡುತ್ತದೆ. ಫೋಟೋ, ಡಾಕ್ಯುಮೆಂಟ್ ಎಲ್ಲ ಬರುತ್ತವೆ. ವರ್ಷಗಟ್ಟಲೆ ತಿದ್ದಿ ತೀಡಿದ ಸೆಟ್ಟಿಂಗ್ ಮಾತ್ರ ಹಳೇ ಡಿಸ್ಕಿನಲ್ಲೇ ಉಳಿಯುತ್ತದೆ. ಎರರ್ ಕೂಡ ಬರುವುದಿಲ್ಲ. ಸ್ಟಾರ್ ಬದಲು ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಶ್, ಚುಕ್ಕಿ ಹಾಕಿದರೆ ಎಲ್ಲವೂ ಬರುತ್ತವೆ.

ಇದಕ್ಕಿಂತ ಒಳ್ಳೆಯ ದಾರಿ ಇದೆ. ಸಮಯ ಕಡಿಮೆ, ಬೇಗ ಹೇಳುತ್ತೇನೆ. ಬೇಕಾದ ಸೆಟ್ಟಿಂಗ್ ಫೈಲ್‌ಗಳನ್ನೆಲ್ಲ ಒಂದೇ ಫೋಲ್ಡರಿಗೆ ತನ್ನಿ, ಗಿಟ್‌ಗೆ ಸೇರಿಸಿ. ಹೋಮ್ ಫೋಲ್ಡರಿನಲ್ಲಿ ಅವುಗಳಿಗೆ ಸಿಮ್‌ಲಿಂಕ್, ಅಂದರೆ ಅಸಲಿ ಫೈಲ್ ಕಡೆ ತೋರಿಸುವ ಕೊಂಡಿ, ಹಾಕುವ ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆಯಿರಿ. ಅದೇ ಹೆಸರಿನ ಹಳೇ ಫೈಲ್ ಇದ್ದರೆ ಸ್ಕ್ರಿಪ್ಟ್ ಮೊದಲು ಅದರ ಬ್ಯಾಕಪ್ ಇಡಲಿ. ಮೇಲ್ಗಡೆ ಸೆಟ್ -ಇಯು ಅಂತ ಹಾಕಿ. ಯಾವುದಾದರೂ ಕಮಾಂಡ್ ಸೋತರೆ, ವ್ಯಾಲ್ಯೂ ಕೊಡದ ವೇರಿಯಬಲ್ ಬಳಸಿದ್ದರೆ, ಸ್ಕ್ರಿಪ್ಟ್ ಬಹುತೇಕ ಅಲ್ಲೇ ನಿಲ್ಲುತ್ತದೆ. ಇಷ್ಟೂ ಬೇಡ ಅಂದರೆ ಗ್ನೂ ಸ್ಟೋ ಅನ್ನುವ ಪ್ರೋಗ್ರಾಂ ಈ ಲಿಂಕ್ ಹಾಕುವ ಕೆಲಸ ಮಾಡಿಕೊಡುತ್ತದೆ.

.ಎಸ್‌ಎಸ್‌ಎಚ್ ಫೋಲ್ಡರಿನ ಪ್ರೈವೇಟ್ ಕೀ, ಅಂದರೆ ಸರ್ವರ್‌ಗೆ ಲಾಗಿನ್ ಆಗುವ ಗುಟ್ಟಿನ ಕೀಲಿ, ಮಾತ್ರ ಈ ಗಿಟ್‌ಗೆ ಸೇರಿಸಬೇಡಿ. ಆಮೇಲೆ ಅಳಿಸಿದರೂ ಹಳೇ ಕಮಿಟ್‌ನಲ್ಲಿ, ಅಂದರೆ ಗಿಟ್ ಇಟ್ಟುಕೊಂಡ ಹಳೇ ದಾಖಲೆಯಲ್ಲಿ, ಉಳಿದೇ ಇರುತ್ತದೆ. ಈಗಾಗಲೇ ಸೇರಿಸಿ ಪಬ್ಲಿಕ್ ಮಾಡಿಬಿಟ್ಟಿದ್ದರೆ, ವಿಡಿಯೋ ಇಲ್ಲೇ ನಿಲ್ಲಿಸಿ, ಹೊಸ ಕೀ ಮಾಡಿ, ಹಳೆಯದನ್ನು ಎಲ್ಲ ಸರ್ವರ್‌ಗಳಿಂದ ತೆಗೆಯಿರಿ.